ಶಾಂತಿನಿಕೇತನದ ವಿದ್ಯೆಯೂ ಸಂತರ ಭಿತ್ತಿಚಿತ್ರವೂ

 

ಮನೆಯ ಮಗನೋ ಮಗಳೋ ಹೈಸ್ಕೂಲಿನ ಓದನ್ನು ಮುಗಿಸಿ, ‘ಕಾವ್ಯವನ್ನು ಓದುವೆನು, ಚಿತ್ರವನ್ನು ಕಲಿಯುವೆನು’ ಎಂದು ತಂದೆಯ ಮುಂದೆ ನಿಂತಾಗ, ಆ ತಂದೆಯ ಬಾಯಿಂದ ಮೊದಲು ಹೊರಡುವ ಮಾತು ಯಾವುದೆಂಬುದನ್ನು ಸರ್ವರೂ ಬಲ್ಲರು. ‘ಅದರಿಂದ ಅನ್ನ ಹುಟ್ಟುವುದೇನಪ್ಪ?’ ಎಂಬುದೇ ಆ ಮಾತು. ಈ ಪ್ರಶ್ನೆಯನ್ನು ಕೀಳೆಂದು ತಳ್ಳಿಹಾಕುವವರು ಬಡತನವನ್ನು ಕಂಡವರಲ್ಲ. ಹೊಲವನ್ನು ಒತ್ತೆಯಿಟ್ಟು ಮಕ್ಕಳನ್ನು ಓದಿಸುವವನಿಗೆ ಹಾಗೆ ಕೇಳುವ ಅಧಿಕಾರವುಂಟು. ಅವನಿಗೆ ನಿಜವಾದ ಉತ್ತರವು ದೊರೆಯಬೇಕಾದುದೂ ನ್ಯಾಯವೇ. ಸಾಹಿತ್ಯ, ಇತಿಹಾಸ, ದರ್ಶನ, ಭಾಷಾಶಾಸ್ತ್ರಗಳೆಂಬ ಮಾನವಿಕ ವಿದ್ಯೆಗಳನ್ನೂ, ಚಿತ್ರ, ಶಿಲ್ಪ, ಸಂಗೀತ, ನೃತ್ಯಗಳೆಂಬ ಲಲಿತಕಲೆಗಳನ್ನೂ ಒಂದೇ ಅಂಗಳದಲ್ಲಿ ಕಲಿಸಲು ಹೊರಟ ಒಂದು ಚಿಕ್ಕ ವಿಶ್ವವಿದ್ಯಾಲಯದ ಕಥೆಯಲ್ಲಿ ಆ ಉತ್ತರದ ಸಿಹಿಯೂ ಇದೆ, ಕಹಿಯೂ ಇದೆ. ವಂಗದೇಶದ ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು ಕಟ್ಟಿದ ವಿಶ್ವಭಾರತಿಯೇ ಆ ವಿಶ್ವವಿದ್ಯಾಲಯ.

ಕಲ್ಕತ್ತೆಗೆ ಸುಮಾರು ನೂರು ಮೈಲು ದೂರದಲ್ಲಿ, ಬೀರಭೂಮ್ ಜಿಲ್ಲೆಯ ಬೋಲಪುರದ ಬಳಿ, ಮಳೆಯ ನೀರು ಕೊರೆದ ಕೊರಕಲುಗಳಿಂದ ತುಂಬಿದ ಕೆಂಪು ಜಂಬಿಟ್ಟಿಗೆಯ ಬಯಲೊಂದಿರುವುದು. 1863ರಲ್ಲಿ ರವೀಂದ್ರರ ತಂದೆ ಮಹರ್ಷಿ ದೇವೇಂದ್ರನಾಥರು ಧ್ಯಾನಕ್ಕೆಂದು ಅಲ್ಲಿ ಇಪ್ಪತ್ತು ಬಿಘಾ ಭೂಮಿಯನ್ನು ಪಡೆದರು. ಆಗ ಅಲ್ಲಿ ನೆರಳೆಂಬುದು ಸಪ್ತಪರ್ಣಿಯ ಮರಗಳದ್ದು ಮಾತ್ರ. ಕನ್ನಡನಾಡಿನಲ್ಲಿ ಹಾಲೆಯೆಂದು ಕರೆಯುವ ಮರವೇ ಇದು. ಇದರ ಹಲಗೆಯಿಂದ ಹಿಂದೆ ಮಕ್ಕಳ ಬರೆಯುವ ಪಾಟಿಯನ್ನು ಮಾಡುತ್ತಿದ್ದುದರಿಂದ ಸಸ್ಯಶಾಸ್ತ್ರಜ್ಞರು ಇದಕ್ಕೆ ವಿದ್ಯಾರ್ಥಿಯ ಮರವೆಂಬ ಅರ್ಥದ ಲ್ಯಾಟಿನ್ ಹೆಸರನ್ನು ಇಟ್ಟಿರುವರು. ಮಹರ್ಷಿಗಳು ಕುಳಿತ ಮರವೇ ಮುಂದೆ ವಿದ್ಯಾಲಯದ ಗುರುತಾದುದು ಯೋಗಾಯೋಗವೆನ್ನಬೇಕು. ಪದವೀದಾನದ ದಿನ ಅಲ್ಲಿನ ವಿದ್ಯಾರ್ಥಿಗೆ ಸಪ್ತಪರ್ಣಿಯ ಎಲೆಗೊಂಚಲನ್ನು ಕೊಡುವ ಸಂಪ್ರದಾಯವುಂಟು.

1901ರ ಡಿಸೆಂಬರ್ 22ರಂದು ರವೀಂದ್ರರು ಐದಾರು ಮಂದಿ ಬಾಲಕರೊಡನೆ ಅಲ್ಲಿ ಬ್ರಹ್ಮಚರ್ಯಾಶ್ರಮವೆಂಬ ಶಾಲೆಯನ್ನು ತೆರೆದರು. ಜಮೀನುದಾರರ ಮನೆಯವರೆಂದು ಹೆಸರಿದ್ದರೂ ಕೈಯಲ್ಲಿ ಹಣವಿರಲಿಲ್ಲ. ಪತ್ನಿ ಮೃಣಾಲಿನೀದೇವಿಯವರು ತಮ್ಮ ಒಡವೆಗಳನ್ನು ಕೊಟ್ಟರು; ಶಾಲೆಯು ಒಂದು ವರ್ಷವನ್ನು ಪೂರೈಸುವ ಮೊದಲೇ ಆ ಸಾಧ್ವಿಯು ತೀರಿಕೊಂಡರು. ಪುರಿಯಲ್ಲಿದ್ದ ಮನೆಯೂ ಮಾರಾಟವಾಯಿತು. 1913ರಲ್ಲಿ ಬಂದ ನೊಬೆಲ್ ಪಾರಿತೋಷಕದ ಹಣವನ್ನೂ ರವೀಂದ್ರರು ತಮ್ಮ ಜಮೀನಿನ ರೈತರಿಗಾಗಿ ಸ್ಥಾಪಿಸಿದ್ದ ಸಹಕಾರಿ ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯು ಶಾಲೆಗೆ ಸಲ್ಲುವಂತೆ ಏರ್ಪಡಿಸಿದರು. ಭಕ್ತರ ಕಾಣಿಕೆಯಿಂದ ನಡೆಯುವ ಸಂಸ್ಥೆಗಳ ಕಷ್ಟವನ್ನು ಬಲ್ಲವರಿಗೆ ಈ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ.

ಇಪ್ಪತ್ತು ವರ್ಷಗಳ ತರುವಾಯ, 1921ರ ಡಿಸೆಂಬರ್ 23ರಂದು, ಆ ಶಾಲೆಯ ಪಕ್ಕದಲ್ಲಿಯೇ ವಿಶ್ವಭಾರತಿಯು ವಿಧ್ಯುಕ್ತವಾಗಿ ಸ್ಥಾಪಿತವಾಯಿತು. ಆ ಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಬ್ರಜೇಂದ್ರನಾಥ ಶೀಲರು. ಅವರೇ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿ 1930ರವರೆಗೆ ಸೇವೆ ಸಲ್ಲಿಸಿದ ಮಹಾಪಂಡಿತರು. 1928ರಲ್ಲಿ ರವೀಂದ್ರರು ಬೆಂಗಳೂರಿಗೆ ಬಂದಾಗ ಇವರ ಆತಿಥ್ಯದಲ್ಲಿಯೇ ಇದ್ದರು. ರವೀಂದ್ರರಿಗಂತೂ ಕನ್ನಡನಾಡಿನ ಪರಿಚಯವು ಇನ್ನೂ ಹಳೆಯದು. 1883ರಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದಾಗ, ಅಲ್ಲಿನ ಕಡಲ ತೀರದಲ್ಲಿ ಕುಳಿತು ಅವರು ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಲೋಕವನ್ನು ತೊರೆದೆನೆಂದು ಹೆಮ್ಮೆಪಡುವ ಸಂನ್ಯಾಸಿಯೊಬ್ಬನನ್ನು ಒಂದು ಅನಾಥ ಬಾಲಿಕೆಯ ಪ್ರೀತಿಯು ಮರಳಿ ಲೋಕಕ್ಕೆ ಕರೆತರುವ ಕಥೆಯದು.

ಆ ವಿದ್ಯಾಲಯದ ದಿನಚರಿಯು ಕಲ್ಕತ್ತೆಯ ಕಾಲೇಜುಗಳಿಗಿಂತ ಬೇರೆಯಾಗಿತ್ತು. ಬೆಳಗಿನ ಹೊತ್ತು ಹಾಡಿನಿಂದ ಎಚ್ಚರ. ಮಾವಿನ ತೋಪಿನಲ್ಲಿ, ಸಾಲವೃಕ್ಷಗಳ ಸಾಲಿನ ಕೆಳಗೆ, ಪ್ರತಿಯೊಬ್ಬ ಬಾಲಕನೂ ತಾನೇ ತಂದ ಚಾಪೆಯನ್ನು ಹಾಸಿ ಕುಳಿತು ಓದುವನು. ಮಳೆ ಬಂದರೆ ಪಾಠ ನಿಲ್ಲುವುದು. ವಾರದ ರಜೆಯು ಭಾನುವಾರವಲ್ಲ, ಬುಧವಾರ. ಆ ದಿನ ಬೆಳಗ್ಗೆ ಗಾಜಿನ ಮಂದಿರದಲ್ಲಿ ಮೂರ್ತಿಯಿಲ್ಲದ ಉಪಾಸನೆ. ಗಿಡ ನೆಡುವುದಕ್ಕೊಂದು ಹಬ್ಬ, ನೇಗಿಲು ಹೂಡುವುದಕ್ಕೊಂದು ಹಬ್ಬ, ಮಳೆಗಾಲಕ್ಕೂ ವಸಂತಕ್ಕೂ ಒಂದೊಂದು ಹಬ್ಬ. ಈ ಹಬ್ಬಗಳಿಗೆ ಬೇಕಾದ ಹಾಡು, ಕುಣಿತ, ರಂಗವಲ್ಲಿ, ಉಡುಪುಗಳನ್ನೆಲ್ಲ ಅಲ್ಲಿನ ಗುರುಶಿಷ್ಯರೇ ಸಿದ್ಧಗೊಳಿಸುತ್ತಿದ್ದುದರಿಂದ ಕಲೆಯು ಪರೀಕ್ಷೆಯ ವಿಷಯವಾಗುವ ಮುಂಚೆಯೇ ಬದುಕಿನ ರೂಢಿಯಾಗಿಬಿಡುತ್ತಿತ್ತು. ಮನೆತನಸ್ಥರ ಹೆಣ್ಣುಮಕ್ಕಳು ರಂಗದ ಮೇಲೆ ನರ್ತಿಸುವುದು ನಿಂದೆಗೆ ಕಾರಣವಾಗಿದ್ದ ಕಾಲದಲ್ಲಿ, ‘ನಟೀರ್ ಪೂಜಾ’ ಎಂಬ ರವೀಂದ್ರರ ನಾಟಕದಲ್ಲಿ ಬುದ್ಧನಿಗೆ ನೃತ್ಯಾರ್ಚನೆ ಸಲ್ಲಿಸುವ ನಟಿಯ ಪಾತ್ರವನ್ನು ವಹಿಸಿದವಳು ಕಲಾಭವನದ ಆಚಾರ್ಯರ ಮಗಳು ಗೌರಿ.

ಆ ಆಚಾರ್ಯರೇ ನಂದಲಾಲ ಬಸುಗಳು. ಅವನೀಂದ್ರನಾಥ ಠಾಕೂರರ ಶಿಷ್ಯರು, ಮೈಸೂರಿನ ಕೆ. ವೆಂಕಟಪ್ಪನವರ ಸಹಪಾಠಿಗಳು. 1919ರಲ್ಲಿ ಆರಂಭವಾದ ಕಲಾಭವನದ ಹೊಣೆಯನ್ನು ಅವರು 1922ರಿಂದ ಸುಮಾರು ಮೂವತ್ತು ವರ್ಷಗಳ ಕಾಲ ಹೊತ್ತರು. ಶಿಷ್ಯನ ಮುಂದೆ ಮಾದರಿಯನ್ನಿಟ್ಟು ‘ಹೀಗೆಯೇ ಬರೆ’ ಎಂದು ಹೇಳುವ ಪದ್ಧತಿಯನ್ನು ಅವರು ಬಹುಮಟ್ಟಿಗೆ ಕೈಬಿಟ್ಟರು. ಹೊಲಕ್ಕೆ ಹೋಗು, ಸಂತಾಲರ ಹಳ್ಳಿಗೆ ಹೋಗು, ಎಮ್ಮೆ ಮಲಗುವ ರೀತಿಯನ್ನು, ತಾಳೆಮರ ಗಾಳಿಗೆ ಬಾಗುವ ರೀತಿಯನ್ನು ಕಣ್ತುಂಬ ನೋಡಿ ಬಾ, ಬಳಿಕ ಬರೆ ಎಂಬುದು ಅವರ ಪಾಠಕ್ರಮ. ಅವರು ಸ್ವತಃ ಕಿಸೆಯಲ್ಲಿ ಅಂಚೆಯ ಕಾರ್ಡುಗಳನ್ನಿಟ್ಟುಕೊಂಡು, ಕಂಡುದನ್ನು ಕಂಡಲ್ಲಿಯೇ ಗೀಚಿ, ಶಿಷ್ಯರಿಗೂ ಸ್ನೇಹಿತರಿಗೂ ಕಳುಹಿಸುತ್ತಿದ್ದರು. ವಿದ್ಯಾರ್ಥಿಗಳಿಗೆ ವಸತಿ ಬೇಕಾದಾಗ ಗುರುಶಿಷ್ಯರು ಸೇರಿ ಮಣ್ಣಿನ ಮನೆಯೊಂದನ್ನು ಕಟ್ಟಿ, ಅದರ ಗೋಡೆಗಳ ಮೇಲೆ ಉಬ್ಬುಚಿತ್ರಗಳನ್ನು ಮೂಡಿಸಿ, ಮಳೆಗೆ ಕರಗದಂತೆ ಡಾಂಬರನ್ನು ಬಳಿದರು. ‘ಕಪ್ಪು ಮನೆ’ಯೆಂದು ಅದಕ್ಕೆ ಹೆಸರಾಯಿತು. ತಾವು ಕೆತ್ತಿದ ಗೋಡೆಯೊಳಗೆ ತಾವೇ ಮಲಗಿ ಏಳುವ ಭಾಗ್ಯವು ಎಷ್ಟು ಕಾಲೇಜುಗಳ ವಿದ್ಯಾರ್ಥಿಗಳಿಗೆ ಲಭಿಸೀತು!

ಇನ್ನು ಮಾನವಿಕ ವಿದ್ಯೆಗಳ ವಿಚಾರ. ಶರಣರ ವಚನಗಳನ್ನು ಉಸಿರಾಗಿಸಿಕೊಂಡವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. 1908ರಲ್ಲಿ ಶಾಂತಿನಿಕೇತನಕ್ಕೆ ಉಪಾಧ್ಯಾಯರಾಗಿ ಬಂದ ಕ್ಷಿತಿಮೋಹನ ಸೇನರು ಕಾಶಿಯಲ್ಲಿ ಬೆಳೆದು ಸಂಸ್ಕೃತವನ್ನು ಸಾಂಗವಾಗಿ ಓದಿದವರು. ಆದರೆ ಅವರ ಮನಸ್ಸು ಹರಿದುದು ಅಕ್ಷರವರಿಯದ ಸಾಧುಗಳ ಕಡೆಗೆ. ಉತ್ತರದೇಶದ ಊರೂರು ತಿರುಗಿ, ಸಂತರ ಬಾಯಲ್ಲಿ ಉಳಿದಿದ್ದ ಕಬೀರನ ಪದಗಳನ್ನು ಕೇಳಿ ಬರೆದುಕೊಂಡು, ಅವನ್ನು ಬಂಗಾಳಿಯ ಅರ್ಥದೊಡನೆ ಪ್ರಕಟಿಸಿದರು. ರವೀಂದ್ರರು ಕಬೀರನ ನೂರು ಪದಗಳನ್ನು ಇಂಗ್ಲಿಷಿಗೆ ತಂದುದಕ್ಕೆ ಈ ಸಂಗ್ರಹವೇ ಆಧಾರ. ಬಾಯಿಪಾಠವನ್ನು ನಂಬಿದುದಕ್ಕಾಗಿ ಸೇನರನ್ನು ಆಕ್ಷೇಪಿಸಿದ ಪಂಡಿತರುಂಟು; ಹಸ್ತಪ್ರತಿಗಳಲ್ಲಿಲ್ಲದುದನ್ನು ಕಬೀರನದೆನ್ನುವುದು ಹೇಗೆಂಬ ಅವರ ಮಾತಿನಲ್ಲಿ ಹುರುಳೂ ಉಂಟು. ಆದರೂ ಅಂದು ಅವರು ಹೋಗಿ ಕೇಳದಿದ್ದರೆ ಆ ಮುದುಕರೊಡನೆ ಆ ಪದಗಳೂ ಮಣ್ಣಾಗುತ್ತಿದ್ದುವು. ಬಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ವಕೀಲಿಯನ್ನು ಬದಿಗಿಟ್ಟು ಮನೆಮನೆಯ ತಾಳೆಗರಿಗಳನ್ನು ಅರಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದುದು ಇದೇ ಕಾಲಮಾನದಲ್ಲಿ. ಒಬ್ಬರಿಗೆ ಚಿಕ್ಕದಾದರೂ ಒಂದು ವಿದ್ಯಾಲಯದ ಆಸರೆಯಿತ್ತು. ಇನ್ನೊಬ್ಬರಿಗೆ ಅದೂ ಇರಲಿಲ್ಲ, ಮುದ್ರಣಾಲಯವನ್ನು ಕೂಡ ತಾವೇ ಕಟ್ಟಬೇಕಾಯಿತು. ಪ್ರಾಚೀನರ ನುಡಿಯನ್ನು ಹುಡುಕಿ, ಶೋಧಿಸಿ, ಮುಂದಿನವರ ಕೈಗೆ ಮುಟ್ಟಿಸುವ ಈ ಕೆಲಸಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ. ಅದು ನಡೆಯದಿದ್ದಲ್ಲಿ ಪ್ರವಚನಕ್ಕೆ ಪುಸ್ತಕವಿಲ್ಲ.

ಅಲ್ಲಿನ ಇನ್ನೊಬ್ಬ ಉಪಾಧ್ಯಾಯರ ಕಥೆಯೂ ಹೇಳತಕ್ಕದ್ದೇ. ಹರಿಚರಣ ಬಂದ್ಯೋಪಾಧ್ಯಾಯರು ಠಾಕೂರರ ಜಮೀನುದಾರಿಯಲ್ಲಿ ಕಚೇರಿಯ ನೌಕರರಾಗಿದ್ದವರು. ಅವರ ಸಂಸ್ಕೃತಾಭಿರುಚಿಯನ್ನು ಕಂಡು ರವೀಂದ್ರರು ಅವರನ್ನು ಶಾಲೆಗೆ ಕರೆತಂದು, ಬಂಗಾಳಿಗೆ ಒಂದು ನಿಘಂಟನ್ನು ರಚಿಸಿರೆಂದು ಪ್ರೇರಿಸಿದರು. 1905ರಲ್ಲಿ ತೊಡಗಿದ ಆ ಕೆಲಸವು 1923ರಲ್ಲಿ ಮುಗಿಯಿತು. ಅಚ್ಚಾಗಿ ಪೂರ್ಣವಾಗಿ ಹೊರಬರಲು ಮತ್ತೂ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಹಿಡಿಯಿತು.

ಇಂತಹ ಚಿಕ್ಕ ಊರಿಗೆ 1917ರಲ್ಲಿ ಹದಿಮೂರು ವರ್ಷದ ಬಾಲಕನೊಬ್ಬನು ಬಂದು ಸೇರಿದನು. ಹೆಸರು ವಿನೋದವಿಹಾರಿ ಮುಖೋಪಾಧ್ಯಾಯ. ಹುಟ್ಟಿನಿಂದಲೇ ದೃಷ್ಟಿಯು ದುರ್ಬಲ. ಒಂದು ಕಣ್ಣು ಕಾಣದು, ಇನ್ನೊಂದಕ್ಕೆ ಬಹಳ ಹತ್ತಿರ ಹಿಡಿದುದು ಮಾತ್ರ ಕಾಣುವುದು. ಬೇರೆ ಶಾಲೆಗಳಲ್ಲಿ ಅವನ ಓದು ಮುಂದುವರಿದಿರಲಿಲ್ಲ. ಇಂತಹವನು ಎರಡು ವರ್ಷಗಳ ಬಳಿಕ, ಕಲಾಭವನವು ತೆರೆದೊಡನೆ, ಚಿತ್ರವನ್ನು ಕಲಿಯುವೆನೆಂದನು! ಕಣ್ಣಿಲ್ಲದವನಿಗೆ ಚಿತ್ರವೇಕೆಂದು ನಂದಲಾಲರಿಗೆ ಶಂಕೆ ಹುಟ್ಟಿದುದು ಸಹಜವೇ. ಸಂಗತಿಯು ರವೀಂದ್ರರವರೆಗೂ ಹೋಯಿತು. ಹುಡುಗನಿಗೆ ಮನಸ್ಸಿದೆಯೆ, ಶ್ರದ್ಧೆಯಿಂದ ಕೆಲಸ ಮಾಡುವನೆ ಎಂದಷ್ಟೇ ವಿಚಾರಿಸಿ, ಹಾಗಿದ್ದರೆ ಅವನ ದಾರಿಗೆ ಅಡ್ಡಬರಬೇಡಿರೆಂದು ಅವರು ತಿಳಿಸಿದರಂತೆ. ಸಾವಿರ ಜನರ ಕಾಲೇಜಿನಲ್ಲಿ ಇಂತಹ ವಿದ್ಯಾರ್ಥಿಯ ಅರ್ಜಿಯು ವೈದ್ಯರ ಪತ್ರದೊಡನೆ ಗುಮಾಸ್ತರ ಮೇಜಿನ ಮೇಲೆಯೇ ಮುಗಿಯುತ್ತಿತ್ತು. ಹುಡುಗನ ಮುಖವನ್ನೂ ಸ್ವಭಾವವನ್ನೂ ಬಲ್ಲವರು ತೀರ್ಮಾನಿಸಿದುದರಿಂದ ಇಲ್ಲಿ ಬೇರೆಯಾಯಿತು. ವಿದ್ಯಾಲಯವು ಚಿಕ್ಕದಾಗಿರುವುದರ ಪ್ರಯೋಜನವನ್ನು ತೋರಿಸಲು ಬೇರೆ ನಿದರ್ಶನವೇಕೆ?

ವಿನೋದವಿಹಾರಿಗಳು 1925ರಿಂದ ಅಲ್ಲಿಯೇ ಉಪಾಧ್ಯಾಯರಾದರು. ಅವರ ಅತ್ಯುತ್ತಮ ಕೃತಿಯು ಹಿಂದೀಭವನದ ಗೋಡೆಗಳ ಮೇಲಿದೆ. ಅದು ಹುಟ್ಟಿದ ಪರಿಯನ್ನು ನೋಡಬೇಕು. ಕ್ಷಿತಿಮೋಹನರು ಸಂತರ ಪದಗಳನ್ನು ಕೂಡಿಸಿಟ್ಟಿದ್ದರು. 1930ರಲ್ಲಿ ಶಾಂತಿನಿಕೇತನಕ್ಕೆ ಬಂದ ಹಜಾರೀಪ್ರಸಾದ ದ್ವಿವೇದಿಗಳು ಅದೇ ವಾತಾವರಣದಲ್ಲಿ ಕಬೀರನನ್ನು ಕುರಿತು ಗ್ರಂಥವನ್ನು ಬರೆದು, ಹಿಂದಿಯ ವಿಮರ್ಶೆಗೆ ಹೊಸ ದಾರಿಯನ್ನು ತೋರಿದರು. ಚಿತ್ರಕಾರನೂ ಇತಿಹಾಸಕಾರನೂ ಸಾಹಿತ್ಯಪಂಡಿತನೂ ಸಂಜೆಯ ಹೊತ್ತು ಒಂದೇ ದಾರಿಯಲ್ಲಿ ನಡೆದಾಡುವ ಊರಿನಲ್ಲಿ ಒಬ್ಬನ ಓದು ಇನ್ನೊಬ್ಬನ ಕೆಲಸಕ್ಕೆ ಇಳಿದು ಬಾರದೆ ಇದ್ದೀತೆ? 1946-47ರಲ್ಲಿ ವಿನೋದವಿಹಾರಿಗಳು ಹಿಂದೀಭವನದ ನಡುಮನೆಯ ಮೂರು ಗೋಡೆಗಳ ಮೇಲ್ಭಾಗದ ಉದ್ದಕ್ಕೂ ಮಧ್ಯಯುಗದ ಸಂತರ ಜೀವನವನ್ನು ಬರೆದರು.

ಹಸಿಗಾರೆಯ ಚಿತ್ರದ ವಿಧಾನವು ಬಹು ಕಠಿಣವಾದುದು. ಗೋಡೆಗೆ ಸುಣ್ಣದ ಗಾರೆಯನ್ನು ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಇಡಬೇಕು. ಗಾರೆಯು ಆರುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುವುದು. ಒಂದು ದಿನಕ್ಕೆ ಎಷ್ಟು ಬರೆಯಬಲ್ಲೆವೋ ಅಷ್ಟೇ ಗಾರೆ. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕಲ್ಲದೆ ತಿದ್ದುವಂತಿಲ್ಲ. ಆದುದರಿಂದಲೇ ಬಹುಮಂದಿ ಕಲಾವಿದರು ಗೋಡೆಯಷ್ಟೇ ದೊಡ್ಡ ಕಾಗದದಲ್ಲಿ ಚಿತ್ರವನ್ನು ಮೊದಲು ಬರೆದು ಗೋಡೆಗೆ ಇಳಿಸುವರು. ವಿನೋದವಿಹಾರಿಗಳು ಹಾಗೆ ಮಾಡಲಿಲ್ಲ. ಸಣ್ಣ ಕರಡುಗಳನ್ನಿಟ್ಟುಕೊಂಡು ನೇರವಾಗಿ ಗೋಡೆಯ ಮೇಲೆಯೇ ಬರೆದರು. ಹಿಂದೆ ಸರಿದು ನಿಂತು ಇಡೀ ಗೋಡೆಯನ್ನು ಒಮ್ಮೆಗೆ ನೋಡುವ ಶಕ್ತಿಯು ಅವರ ಕಣ್ಣಿಗೆ ಇರಲಿಲ್ಲ. ಆದರೂ ಆ ಉದ್ದನೆಯ ಚಿತ್ರದಲ್ಲಿ ಎಲ್ಲಿಯೂ ಎಳೆ ಕಡಿದಿಲ್ಲ. ನದಿಯು ಬೆಟ್ಟದಿಂದ ಇಳಿದು ಬಯಲಿಗೆ ಹರಿಯುವಂತೆ ಜನಸಮೂಹವು ಹರಿದುಬರುವುದು. ಅದರ ನಡುವೆ ರಾಮಾನುಜರು, ನೇಯ್ಗೆಯ ಕಬೀರ, ಸೂರದಾಸ, ತುಲಸೀದಾಸ, ಗುರುಗೋವಿಂದಸಿಂಹರು ಕಾಣುವರು. ಸಂತರ ಸುತ್ತಲೂ ದುಡಿಯುವ ಜನ, ತಾಯಂದಿರು, ಮಕ್ಕಳು. ಸಂತನನ್ನು ಗುಡಿಯೊಳಗೆ ಒಂಟಿಯಾಗಿ ಕೂರಿಸದೆ ಸಂತೆಯ ಜನರ ನಡುವೆ ನಿಲ್ಲಿಸಿರುವ ಈ ದೃಷ್ಟಿಯು ಕಾಯಕವನ್ನು ಬಲ್ಲ ನಾಡಿನವರಿಗೆ ಅಪರಿಚಿತವೆನಿಸದು.

ಆ ಕೆಲಸದಲ್ಲಿ ಅವರಿಗೆ ನೆರವಾದ ವಿದ್ಯಾರ್ಥಿಗಳಲ್ಲಿ ಕೆ. ಜಿ. ಸುಬ್ರಹ್ಮಣ್ಯನ್ನರೂ ಒಬ್ಬರು. 1942ರ ಚಳವಳಿಯಲ್ಲಿ ಸೆರೆಮನೆ ಸೇರಿ, ಸರ್ಕಾರದ ಕಾಲೇಜುಗಳ ಬಾಗಿಲು ಮುಚ್ಚಿಹೋದ ಬಳಿಕ, 1944ರಲ್ಲಿ ಇಲ್ಲಿಗೆ ಬಂದ ಮಲೆಯಾಳದ ತರುಣ. ಮುಂದೆ ಭಾರತದ ದೊಡ್ಡ ಕಲಾವಿದರಲ್ಲಿ ಒಬ್ಬರಾದವರು. ಗುರುವಿನ ಪಕ್ಕದಲ್ಲಿ ಗಾರೆಯನ್ನು ಕಲಸುತ್ತ ಕಲಿತ ವಿದ್ಯೆಯದು.

ಇಷ್ಟನ್ನು ಕೇಳಿದ ತಂದೆಯು ತನ್ನ ಮೊದಲ ಪ್ರಶ್ನೆಯನ್ನು ಮರೆತಿರಲಾರನು. ಅನ್ನದ ಮಾತೇನು? ವಿಶ್ವಭಾರತಿಯ ಮೊದಲ ಮೂವತ್ತು ವರ್ಷಗಳಲ್ಲಿ ಅದರ ಪ್ರಮಾಣಪತ್ರಕ್ಕೆ ಸರ್ಕಾರದ ಕಚೇರಿಗಳಲ್ಲಿ ಮನ್ನಣೆಯಿರಲಿಲ್ಲ; ಪದವಿ ಬೇಕಾದವರು ಕಲ್ಕತ್ತೆ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಬೇಕಾಗಿತ್ತು. ಪರೀಕ್ಷೆಯನ್ನು ಒಲ್ಲದ ರವೀಂದ್ರರು ಪೋಷಕರಿಗಾಗಿ ಅದನ್ನು ಒಪ್ಪಿಕೊಂಡರು. ಬಾಂಕುಡಾದ ಬಡ ಕ್ಷೌರಿಕ ಕುಟುಂಬದಿಂದ ಬಂದ ರಾಮಕಿಂಕರ ಬೈಜರು 1938ರಲ್ಲಿ ಸಿಮೆಂಟು ಮತ್ತು ಜಂಬಿಟ್ಟಿಗೆಯ ಹರಳುಗಳಿಂದ ‘ಸಂತಾಲ ಕುಟುಂಬ’ವೆಂಬ ಮಹಾಶಿಲ್ಪವನ್ನು ನಿಲ್ಲಿಸಿದರು. ಕಂಚನ್ನು ಕೊಳ್ಳಲು ಹಣವಿದ್ದರೆ ತಾನೆ! ಜೀವಮಾನವನ್ನು ಅವರು ಬಡತನದಲ್ಲಿಯೇ ಕಳೆದರು. ಸತ್ಯಜಿತ್ ರಾಯರು ತಾಯಿಯ ಇಚ್ಛೆಯಂತೆ 1940ರಲ್ಲಿ ಕಲಾಭವನಕ್ಕೆ ಸೇರಿ, 1942ರಲ್ಲಿ ಓದನ್ನು ಪೂರೈಸದೆ ಹೊರಟುಹೋಗಿ, ಕಲ್ಕತ್ತೆಯ ಜಾಹೀರಾತಿನ ಕಂಪೆನಿಯೊಂದರಲ್ಲಿ ಚಿತ್ರ ಬರೆಯುವ ಉದ್ಯೋಗವನ್ನು ಹಿಡಿದರು. ನಗರದಲ್ಲಿ ಹುಟ್ಟಿ ಬೆಳೆದ ಅವರಿಗೆ ಹಳ್ಳಿಯನ್ನು ನೋಡುವ ಕಣ್ಣು ಬಂದುದು ಆ ಎರಡೂವರೆ ವರ್ಷಗಳಲ್ಲಿ. 1955ರ ‘ಪಥೇರ್ ಪಾಂಚಾಲಿ’ಯನ್ನು ನೋಡಿದವರು ಆ ಕಣ್ಣನ್ನು ಬಲ್ಲರು. ಹೀಗೆ ಒಬ್ಬನಿಗೆ ಅನ್ನ ದೊರೆಯಿತು, ಒಬ್ಬನಿಗೆ ಅರೆಹೊಟ್ಟೆಯಾಯಿತು. ವಿದ್ಯೆಯು ಅನ್ನದ ಭರವಸೆಯನ್ನು ಕೊಡಲಿಲ್ಲ. ಆ ಭರವಸೆಯನ್ನು ಕೊಡುವುದಾಗಿ ಹೇಳಿ ವಂಚಿಸಲೂ ಇಲ್ಲ. ದೊಡ್ಡ ಶುಲ್ಕವನ್ನು ತೆಗೆದುಕೊಂಡು ಎರಡನ್ನೂ ಕೊಡುವೆವೆಂದು ಜಾಹೀರಾತು ಹಾಕುವ ಇಂದಿನ ಕೆಲವು ಸಂಸ್ಥೆಗಳಿಗಿಂತ ಇದು ಮೇಲಲ್ಲವೆ?

ಸಂಸ್ಥೆಯೂ ಅರೆಹೊಟ್ಟೆಯಲ್ಲಿಯೇ ಇತ್ತು. ಎಪ್ಪತ್ತೈದರ ಅಂಚಿನಲ್ಲಿದ್ದ ಕವಿಗಳು 1936ರಲ್ಲಿ ವಿದ್ಯಾರ್ಥಿಗಳ ನೃತ್ಯನಾಟಕದ ತಂಡವನ್ನು ಕಟ್ಟಿಕೊಂಡು ಊರೂರು ತಿರುಗುತ್ತ ದಿಲ್ಲಿಗೆ ಬಂದರು. ಆ ವೃದ್ಧರು ಹೀಗೆ ಬೇಡುತ್ತ ಅಲೆಯುವುದನ್ನು ಸಹಿಸದೆ ಗಾಂಧೀಜಿಯವರು ಅರುವತ್ತು ಸಾವಿರ ರೂಪಾಯಿಗಳನ್ನು ದಾನಿಗಳಿಂದ ಕೊಡಿಸಿ, ಅವರನ್ನು ಹಿಂದಕ್ಕೆ ಕಳುಹಿಸಿದರು. 1940ರಲ್ಲಿ ಗಾಂಧೀಜಿಯವರು ಶಾಂತಿನಿಕೇತನಕ್ಕೆ ಬಂದು ಹೊರಟಾಗ, ತಮ್ಮ ಕಾಲಾನಂತರ ವಿಶ್ವಭಾರತಿಯನ್ನು ನೋಡಿಕೊಳ್ಳಬೇಕೆಂದು ಕೋರುವ ಪತ್ರವನ್ನು ರವೀಂದ್ರರು ಅವರ ಕೈಯಲ್ಲಿಟ್ಟರು. ಮರುವರ್ಷ ಕವಿಗಳು ಕಾಲವಾದರು. 1951ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ವಿಶ್ವಭಾರತಿಯು ಕೇಂದ್ರ ವಿಶ್ವವಿದ್ಯಾಲಯವಾಗಿ, ಪದವಿಗೂ ಸಂಬಳಕ್ಕೂ ಭದ್ರತೆ ಬಂದಿತು. ಅದರೊಡನೆ ದಫ್ತರವೂ ಬಂದಿತು, ನಿಯಮಾವಳಿಯೂ ಬಂದಿತು, ಜನವೂ ಹೆಚ್ಚಿತು. ಹಳೆಯ ಶಿಷ್ಯರು ಇದಕ್ಕಾಗಿ ಹಲುಬಿದರು. ಆದರೆ ಹಸಿದ ಉಪಾಧ್ಯಾಯನ ಮನೆಯವರನ್ನು ಕೇಳಿದ್ದರೆ ಬೇರೆ ಮಾತು ಬರುತ್ತಿತ್ತೆಂಬುದನ್ನೂ ಒಪ್ಪಬೇಕು. 2004ರಲ್ಲಿ ಕವಿಗಳ ನೊಬೆಲ್ ಪದಕವು ಅಲ್ಲಿನ ವಸ್ತುಸಂಗ್ರಹಾಲಯದಿಂದ ಕಳುವಾಯಿತು. 2023ರಲ್ಲಿ ಯುನೆಸ್ಕೋ ಸಂಸ್ಥೆಯು ಶಾಂತಿನಿಕೇತನವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ವಿನೋದವಿಹಾರಿಗಳು 1949ರಲ್ಲಿ ಶಾಂತಿನಿಕೇತನವನ್ನು ಬಿಟ್ಟು ನೇಪಾಳದ ವಸ್ತುಸಂಗ್ರಹಾಲಯಕ್ಕೂ, ಅಲ್ಲಿಂದ ರಾಜಸ್ಥಾನದ ವನಸ್ಥಲಿಗೂ, ಮಸ್ಸೂರಿಗೂ ಹೋದರು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯು ಫಲಿಸದೆ, ಐವತ್ತರ ಪ್ರಾಯವನ್ನು ದಾಟಿದ ಮೇಲೆ ಉಳಿದಿದ್ದ ದೃಷ್ಟಿಯೂ ಪೂರ್ತಿಯಾಗಿ ಹೋಯಿತು. 1958ರಲ್ಲಿ ಕಲಾಭವನವು ಅವರನ್ನು ಮರಳಿ ಕರೆಯಿಸಿಕೊಂಡು ಕಲೆಯ ಇತಿಹಾಸವನ್ನು ಬೋಧಿಸುವ ಕಾರ್ಯವನ್ನು ಒಪ್ಪಿಸಿತು. ಅಂಧರಾದ ಗುರುಗಳು ತಾವು ಹಿಂದೆ ಕಂಡಿದ್ದ ಚಿತ್ರಗಳನ್ನು ನೆನಪಿನಿಂದಲೇ ಶಿಷ್ಯರ ಮುಂದೆ ಬಿಡಿಸಿಡುತ್ತಿದ್ದರು. ಬಣ್ಣದ ಕಾಗದವನ್ನು ಕತ್ತರಿಸಿ ಅಂಟಿಸಿದರು. ಜೇಡಿಮಣ್ಣಿನಲ್ಲಿ ಬೆರಳಿನಿಂದಲೇ ಗೊಂಬೆಗಳನ್ನು ಮಾಡಿದರು. ತಮ್ಮ ಬಾಳಿನ ಕಥೆಯನ್ನು ಹೇಳಿ ಬರೆಯಿಸಿದರು. 1972ರಲ್ಲಿ ಕಲಾಭವನದ ಹೊರಗೋಡೆಗೆ ಹೆಂಚಿನ ಬಿಲ್ಲೆಗಳ ದೊಡ್ಡ ಚಿತ್ರವೊಂದನ್ನು ಯೋಜಿಸಿದರು. ಕಾಗದವನ್ನು ಮಡಿಸಿ ಕತ್ತರಿಸಿ ಆಕಾರಗಳನ್ನು ಅವರು ಗೊತ್ತುಮಾಡುತ್ತಿದ್ದರು. ಅವರ ಬೆರಳು ತಡವಿ ಒಪ್ಪಿದ ಮೇಲೆ ಬಿಲ್ಲೆಗಳು ಗೋಡೆಗೆ ಏರುತ್ತಿದ್ದುವು. ಅದೇ ವರ್ಷ ಅವರ ಹಳೆಯ ಶಿಷ್ಯರಾದ ಸತ್ಯಜಿತ್ ರಾಯರು ಶಾಂತಿನಿಕೇತನಕ್ಕೆ ಬಂದು, ಆ ಬೆರಳುಗಳ ಕೆಲಸವನ್ನು ಸಾಕ್ಷ್ಯಚಿತ್ರವಾಗಿ ಸೆರೆಹಿಡಿದು, ಅದಕ್ಕೆ ಒಳಗಣ್ಣು ಎಂಬ ಅರ್ಥದ ಹೆಸರನ್ನಿಟ್ಟರು.